ಎಳವೆಯಲ್ಲಿ ಫಿಟ್ಸ್ ಬಂದ ಇಲಿಮರಿಯ ಮೆದುಳು ದೊಡ್ಡದಾದ ಮೇಲೂ ಅದನ್ನು ಮರೆಯಲ್ವಾ? ತಿಳಿದವರು ಹೇಳಿ

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ನನ್ನ ಮಗನಿಗೆ ಈಗ ಒಂದೂವರೆ ವರ್ಷ. ಮೂರು ತಿಂಗಳ ಹಿಂದೆ ಜ್ವರ ಜೋರಾಗಿ ಫಿಟ್ಸ್ ಬಂತು. ರಾತ್ರಿ ಹೊತ್ತು, ಹೊರಗೆ ಮಳೆ. ಪಕ್ಕದ ಮನೆಯವರ ಜೀಪು ಹತ್ತಿ ಆಸ್ಪತ್ರೆ ಮುಟ್ಟಿ ಇಂಜೆಕ್ಷನ್ ಕೊಡುವಷ್ಟರಲ್ಲಿ 35 ನಿಮಿಷ ಆಗಿತ್ತು. ಅಷ್ಟೂ ಹೊತ್ತು ಮಗುವಿನ ಕೈಕಾಲು ಸೆಳೆಯುತ್ತಲೇ ಇತ್ತು.

ಈಗ ಚೆನ್ನಾಗಿದ್ದಾನೆ. ಓಡುತ್ತಾನೆ, ಅಜ್ಜಿಯ ಕನ್ನಡಕ ಕಿತ್ತುಕೊಳ್ಳುತ್ತಾನೆ, ಹತ್ತು ಹದಿನೈದು ಮಾತು ಬರುತ್ತದೆ. ಆದರೆ ನಾನು ರಾತ್ರಿ ಕೂತು ಒಂದಷ್ಟು ಓದಿದೆ. ಇಲಿಮರಿಗಳಿಗೆ ಎಳವೆಯಲ್ಲಿ ಒಮ್ಮೆ ಫಿಟ್ಸ್ ಬರಿಸಿದರೆ ದೊಡ್ಡದಾದ ಮೇಲೂ ಅವುಗಳ ಮೆದುಳು ಫಿಟ್ಸಿಗೆ ಬೇಗ ಒಲಿಯುತ್ತದಂತೆ. ಡಾಕ್ಟರನ್ನು ಕೇಳಿದರೆ ಅದನ್ನೆಲ್ಲ ಓದಬೇಡಿ ಅಂದರು. ಓದಿಯಾಗಿದೆ, ಈಗೇನು ಮಾಡಲಿ? ಆ ಪ್ರಯೋಗಗಳಲ್ಲಿ ನಿಜವಾಗಿ ಏನು ಕಂಡಿತು ಅಂತ ಬಲ್ಲವರು ಬಿಡಿಸಿ ಹೇಳಿ. ಸಮಾಧಾನ ಬೇಡ, ವಿಷಯ ಬೇಕು.

ಹಳೆಯ ಲ್ಯಾಬಿನವನು

ಅಕ್ಕ, ನಾನು ಆರು ವರ್ಷ ಮೆದುಳಿನ ಲ್ಯಾಬೊಂದರಲ್ಲಿ ಇಲಿಗಳ ಜೊತೆ ಕೆಲಸ ಮಾಡಿದವನು. ಡಾಕ್ಟರ್ ಅಲ್ಲ. ಹಾಗಾಗಿ ಇಲಿಯ ವಿಷಯ ಮಾತ್ರ ಹೇಳುತ್ತೇನೆ.

ಕೈನಿಕ್ ಆಸಿಡ್ ಅಂತ ಒಂದಿದೆ. ಜಪಾನಿನವರು ಜಂತುಹುಳಕ್ಕೆ ಕೊಡುತ್ತಿದ್ದ ಕಡಲ ಪಾಚಿಯಿಂದ ಮೊದಲು ಸಿಕ್ಕಿದ್ದು. ಅದು ನರಕೋಶಗಳನ್ನು ವಿಪರೀತ ಕೆಣಕುತ್ತದೆ. ದೊಡ್ಡ ಇಲಿಗೆ ಕೊಟ್ಟರೆ ಗಂಟೆಗಟ್ಟಲೆ ಫಿಟ್ಸ್. ನೆನಪು ಕಟ್ಟುವ ಭಾಗವಾದ ಹಿಪ್ಪೊಕ್ಯಾಂಪಸ್‌ನಲ್ಲಿ ಕೋಶಗಳು ಸಾಯುತ್ತವೆ. ಕೆಲವು ವಾರ ಕಳೆದ ಮೇಲೆ ಯಾವ ಔಷಧಿಯೂ ಇಲ್ಲದೆ ತಾನಾಗಿ ಫಿಟ್ಸ್ ಬರಲು ಶುರುವಾಗುತ್ತದೆ.

ಮರಿಗಳಲ್ಲಿ ಕತೆ ಬೇರೆ. 1980ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಯೆಹೆಜ್ಕೆಲ್ ಬೆನ್-ಆರಿ ಅವರ ತಂಡ ನೋಡಿದ್ದು ಇದು: ಎರಡೂವರೆ ವಾರ ತುಂಬದ ಮರಿಗಳಿಗೆ ಫಿಟ್ಸ್ ಸುಲಭವಾಗಿ ಬರುತ್ತದೆ, ಜೋರಾಗಿಯೂ ಬರುತ್ತದೆ, ಆದರೆ ಹಿಪ್ಪೊಕ್ಯಾಂಪಸ್‌ನ ಕೋಶಗಳು ಸಾಯುವುದಿಲ್ಲ. 1992ರಲ್ಲಿ ಅಮೆರಿಕದ ಸ್ಟಾಫ್‌ಸ್ಟ್ರಾಮ್ ಮತ್ತು ಹೋಮ್ಸ್ 5 ದಿನದ ಮರಿಯಿಂದ 60 ದಿನದ ಇಲಿಯವರೆಗೆ ಬೇರೆ ಬೇರೆ ವಯಸ್ಸಿನವಕ್ಕೆ ಇದೇ ಮದ್ದು ಕೊಟ್ಟು ತಿಂಗಳುಗಟ್ಟಲೆ ಕಾದು ನೋಡಿದರು. ಮದ್ದು ಕೊಟ್ಟಾಗ ವಯಸ್ಸು ಜಾಸ್ತಿ ಇದ್ದಷ್ಟೂ ಮುಂದೆ ತಾನಾಗಿ ಫಿಟ್ಸ್ ಬರುವುದು ಜಾಸ್ತಿ. ತೀರಾ ಎಳೆಯ ಮರಿಗಳು ಬಹುಪಾಲು ಪಾರಾದವು. ಎಳೆ ಮೆದುಳು ತಡೆದುಕೊಳ್ಳುತ್ತದೆ ಅನ್ನುವ ಮಾತು ಬಂದಿದ್ದು ಇಲ್ಲಿಂದ.

ಅದಕ್ಕೆ ಪೆಟ್ಟು ಬಿದ್ದಿದ್ದು 1999ರಲ್ಲಿ. ಸೂಕ್‌ಯಾಂಗ್ ಕೋ ಮತ್ತು ಜೊತೆಯವರು 15 ದಿನದ ಮರಿಗಳಿಗೆ ಒಮ್ಮೆ ಕೈನಿಕ್ ಆಸಿಡ್ ಕೊಟ್ಟರು. ಕೋಶ ಸಾಯಲಿಲ್ಲ, ಮೇಲ್ನೋಟಕ್ಕೆ ಎಲ್ಲ ಸರಿ. 45ನೇ ದಿನ ಅವಕ್ಕೇ ಮತ್ತೊಮ್ಮೆ ಕೊಟ್ಟರು. ಮೊದಲ ಸಲ ಈಗಲೇ ಮದ್ದು ಕಂಡ ಇಲಿಗಳಿಗಿಂತ, ಎಳವೆಯಲ್ಲಿ ಒಮ್ಮೆ ಕಂಡಿದ್ದ ಇಲಿಗಳಿಗೆ ಹಾನಿ ಹೆಚ್ಚು ಆಯಿತು. ಅಂದರೆ ಮೊದಲ ಏಟು ಗಾಯ ಮಾಡಿರಲಿಲ್ಲ, ಮೈ ಮೆತ್ತಗೆ ಮಾಡಿತ್ತು. ಲ್ಯಾಬುಗಳಲ್ಲಿ ಇದಕ್ಕೆ ಎರಡು ಏಟಿನ ಲೆಕ್ಕ ಅಂತಲೇ ಹೆಸರು.

ಧಾರವಾಡದ ಓದುಗ

ಸರ್, ಬರೆದದ್ದು ಸರಿ ಇದೆ. ಆದರೆ ಒಬ್ಬ ತಾಯಿ ನಿದ್ದೆಗೆಟ್ಟು ಕೇಳುತ್ತಿದ್ದಾರೆ, ನೀವು ವಿಷ ಕೊಟ್ಟ ಇಲಿಗಳ ಕತೆ ಹೇಳುತ್ತೀರಿ. ಅವರ ಮಗುವಿಗೆ ಯಾರೂ ಕೈನಿಕ್ ಆಸಿಡ್ ಕೊಟ್ಟಿಲ್ಲ. ಜ್ವರದಲ್ಲಿ ಫಿಟ್ಸ್ ಬಂದಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಳೆಯ ಲ್ಯಾಬಿನವನು

ನಿಮ್ಮ ಆಕ್ಷೇಪ ಸರಿಯಾದದ್ದೇ. ಅದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಟ್ಯಾಲಿ ಬರಾಮ್ ಅನ್ನುವ ಮಕ್ಕಳ ನರವೈದ್ಯೆ ಜ್ವರದ ಫಿಟ್ಸಿಗೇ ಬೇರೆ ಮಾದರಿ ಕಟ್ಟಿದರು, 1997ರ ಹೊತ್ತಿಗೆ. 10–11 ದಿನದ ಮರಿ. ಇಲಿಮರಿ ಕಣ್ಣು ಬಿಡುವುದೇ ಸುಮಾರು ಎರಡು ವಾರಕ್ಕೆ, ಹಾಗಾಗಿ ಇವು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಕೂದಲು ಒಣಗಿಸುವ ಡ್ರೈಯರಿನಂಥದ್ದರಿಂದ ಬಿಸಿಗಾಳಿ ಹಾಯಿಸಿ ಮೈಬಿಸಿಯನ್ನು 40–41 ಡಿಗ್ರಿಗೆ ಏರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಫಿಟ್ಸ್ ಬರುತ್ತದೆ. ಒಟ್ಟು 20–25 ನಿಮಿಷ.

ಇಲ್ಲಿ ಒಂದು ಸೂಕ್ಷ್ಮ ಇದೆ. ದಯವಿಟ್ಟು ಗಮನಿಸಿ. ಹಾನಿ ಆದರೆ ಬಿಸಿಯಿಂದ ಆಯಿತೋ ಫಿಟ್ಸಿಂದ ಆಯಿತೋ ಹೇಗೆ ತಿಳಿಯುವುದು? ಅದಕ್ಕೆ ಇನ್ನೊಂದು ಗುಂಪಿನ ಮರಿಗಳಿಗೆ ಅಷ್ಟೇ ಬಿಸಿ ಕೊಟ್ಟು, ಆದರೆ ಮೊದಲೇ ಮದ್ದು ಹಾಕಿ ಫಿಟ್ಸ್ ಬರದ ಹಾಗೆ ತಡೆದರು. ಆ ಮರಿಗಳು ದೊಡ್ಡವಾದಾಗ ಮಾಮೂಲಿ ಇಲಿಗಳಂತೆಯೇ ಇದ್ದವು. ಫಿಟ್ಸ್ ಬಂದಿದ್ದ ಮರಿಗಳು ಹಾಗಿರಲಿಲ್ಲ. ದೊಡ್ಡವಾದ ಮೇಲೆ, ಬೇರೆ ಇಲಿಗಳಲ್ಲಿ ಹೆಚ್ಚಿನವಕ್ಕೆ ಏನೂ ಆಗದಷ್ಟು ಕಡಿಮೆ ಕೈನಿಕ್ ಆಸಿಡ್ ಕೊಟ್ಟರೂ ಇವಕ್ಕೆ ಜೋರು ಫಿಟ್ಸ್ ಬಂತು.

2006ರಲ್ಲಿ ಅದೇ ತಂಡ ಹಗಲು ರಾತ್ರಿ ವಿಡಿಯೊ, ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿ ಇಟ್ಟು ನೋಡಿತು. ಎಳವೆಯಲ್ಲಿ ಸುಮಾರು 24 ನಿಮಿಷ ಫಿಟ್ಸ್ ಬಂದಿದ್ದ ಇಲಿಗಳಲ್ಲಿ 35% ಇಲಿಗಳಿಗೆ ದೊಡ್ಡವಾದ ಮೇಲೆ ತಾನಾಗಿ ಫಿಟ್ಸ್ ಬಂತು. 2010ರಲ್ಲಿ ಫಿಟ್ಸಿನ ಹೊತ್ತನ್ನು ಒಂದು ಗಂಟೆಗೂ ಮೇಲೆ ಎಳೆದರು. ಆಗ 45% ದಾಟಿತು. ಆ ಫಿಟ್ಸ್ ಹೆಚ್ಚು ಜೋರೂ ಆಗಿತ್ತು.

ಎರಡು ಕಡೆಯಿಂದಲೂ ನೋಡಿ. 24 ನಿಮಿಷದ ಗುಂಪಿನಲ್ಲಿ ಮೂರರಲ್ಲಿ ಎರಡು ಇಲಿಗಳಿಗೆ ತಾನಾಗಿ ಫಿಟ್ಸ್ ಬರಲಿಲ್ಲ. ಆದರೆ ಹೊತ್ತು ಹೆಚ್ಚಿದಂತೆ ಲೆಕ್ಕವೂ ಏರಿತು.

ವಾರ್ಡಿನ ಸಿಸ್ಟರ್

ನಾನು ಮಕ್ಕಳ ವಾರ್ಡಿನಲ್ಲಿ 17 ವರ್ಷದಿಂದ ಇದ್ದೇನೆ. ಇಲಿಯ ವಿಷಯ ನನಗೆ ಗೊತ್ತಿಲ್ಲ, ಮಕ್ಕಳ ವಿಷಯ ಹೇಳುತ್ತೇನೆ.

6 ತಿಂಗಳಿಂದ 5 ವರ್ಷದ ಒಳಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ಹಿಂದೆ ಬಾಲಗ್ರಹ ಅಂತ ಹೆದರಿ ಮಂತ್ರಿಸಿದ ದಾರ ಕಟ್ಟಿಸುತ್ತಿದ್ದರು. ಅಮೆರಿಕದಲ್ಲಿ ಇಂಥ 1,706 ಮಕ್ಕಳನ್ನು 7 ವರ್ಷದವರೆಗೆ ಹಿಂಬಾಲಿಸಿದ ದೊಡ್ಡ ಅಧ್ಯಯನ ಒಂದಿದೆ, 1976ರಲ್ಲಿ ಬಂದದ್ದು. ಅವರಲ್ಲಿ ಮುಂದೆ ಮೂರ್ಛೆ ರೋಗ ಕಂಡಿದ್ದು ಸುಮಾರು 2% ಮಕ್ಕಳಲ್ಲಿ ಮಾತ್ರ. ನೂರರಲ್ಲಿ 98 ಮಕ್ಕಳು ಆರಾಮ. ತಂಗಿ, ಈ ಸಂಖ್ಯೆ ನೆನಪಿಟ್ಟುಕೊಂಡು ಮಲಗಮ್ಮ.

ತುಂಗೆಯ ದಡ

ಸಿಸ್ಟರ್, ನಿಮ್ಮ ಮಾತಿಗೆ ಕೈ ಮುಗಿಯುತ್ತೇನೆ. ಆದರೆ ಒಂದು ಕೇಳಲಾ? ಆ 1,706 ಮಕ್ಕಳಲ್ಲಿ ಹೆಚ್ಚಿನವರಿಗೆ ಫಿಟ್ಸ್ ಐದು ಹತ್ತು ನಿಮಿಷದಲ್ಲೇ ನಿಂತಿರುತ್ತದೆ ಅಲ್ವಾ? ನನ್ನ ಮಗನದ್ದು 35 ನಿಮಿಷ. ಅವನನ್ನೂ ಅದೇ ಲೆಕ್ಕಕ್ಕೆ ಸೇರಿಸಬಹುದಾ?

ಮತ್ತೆ ಲ್ಯಾಬಿನಣ್ಣ, ಕೋಶವೇ ಸಾಯದಿದ್ದರೆ ಆ ಮರಿಗಳ ಮೆದುಳಲ್ಲಿ ಬದಲಾಗುವುದಾದರೂ ಏನು? ನನಗೆ ಅದೇ ಅರ್ಥ ಆಗುತ್ತಿಲ್ಲ.

ವಾರ್ಡಿನ ಸಿಸ್ಟರ್

ಸೇರಿಸಲಾಗದು. ನೀವು ಸರಿಯಾದ ಜಾಗದಲ್ಲೇ ಕೈ ಇಟ್ಟಿರಿ. ಸಮಾಧಾನ ಬೇಡ ಅಂದವರಿಗೆ ನಾನು ಸಮಾಧಾನ ಹೇಳಲು ಹೋದೆ, ಅದು ನನ್ನ ತಪ್ಪು.

30 ನಿಮಿಷ ದಾಟಿದ ಜ್ವರದ ಫಿಟ್ಸನ್ನೇ ಬೇರೆಯಾಗಿ ಹಿಡಿದು ನೋಡಿದ ಅಧ್ಯಯನಕ್ಕೆ ಫೆಬ್‌ಸ್ಟ್ಯಾಟ್ ಅಂತ ಹೆಸರು. ಅಮೆರಿಕದ್ದು, ಶ್ಲೋಮೊ ಶಿನ್ನಾರ್ ಮುಂದಾಳು. ಇಂಥ ಸುಮಾರು 200 ಮಕ್ಕಳಿಗೆ ಫಿಟ್ಸ್ ಆದ ಕೆಲವೇ ದಿನದೊಳಗೆ ಎಂಆರ್‌ಐ ಮಾಡಿದರು. 22 ಮಕ್ಕಳ ಹಿಪ್ಪೊಕ್ಯಾಂಪಸ್‌ನಲ್ಲಿ ಬಾವು ಬಂದಂಥ ಗುರುತು ಕಂಡಿತು. ಅದರಲ್ಲಿ 5 ಮಕ್ಕಳದ್ದು ಅನುಮಾನದ ಗುರುತು. ಬೇಗ ನಿಂತ ಸಾದಾ ಫಿಟ್ಸಿನ 96 ಮಕ್ಕಳಲ್ಲಿ ಒಬ್ಬರಿಗೂ ಅದು ಇರಲಿಲ್ಲ. ಗುರುತು ಇದ್ದವರಲ್ಲಿ 14 ಮಕ್ಕಳಿಗೆ ವರ್ಷದ ಮೇಲೆ ಮತ್ತೆ ನೋಡಿದಾಗ 10 ಮಕ್ಕಳಲ್ಲಿ ಆ ಭಾಗ ಸುಕ್ಕಾಗಿ ಗಟ್ಟಿಯಾಗಿತ್ತು.

ಹೀಗೆ ಹೇಳಿದ್ದಕ್ಕೆ ಹೆದರಬೇಡಿ. ಉದ್ದದ ಫಿಟ್ಸ್ ಬಂದ ಮಕ್ಕಳಲ್ಲೂ ಹೆಚ್ಚಿನವರ ಸ್ಕ್ಯಾನಿನಲ್ಲಿ ಅಲ್ಲಿ ಏನೂ ಕಾಣಲಿಲ್ಲ. ಆದರೆ ನಿಮ್ಮ ಮಗು ಒಬ್ಬ ಮಕ್ಕಳ ನರರೋಗ ತಜ್ಞರ ಕಣ್ಣಿನಲ್ಲಿ ಇರಬೇಕು. ಸ್ಕ್ಯಾನ್ ಬೇಕೋ ಬೇಡವೋ ಅವರು ಹೇಳಲಿ.

ಹಳೆಯ ಲ್ಯಾಬಿನವನು

ಅಕ್ಕ, ನಿಮ್ಮ ಪ್ರಶ್ನೆ ಲ್ಯಾಬಿನವರು ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡ ಪ್ರಶ್ನೆ. ನನಗೆ ತುಂಬ ಪ್ರೀತಿಯ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನರಕೋಶದ ಗೋಡೆಯಲ್ಲಿ ತೂಬುಗಳಿವೆ ಅಂದುಕೊಳ್ಳಿ, ಕೆರೆಯ ತೂಬಿನ ಹಾಗೆ. ಒಂದೊಂದೂ ಒಂದೊಂದು ಹೊತ್ತಿಗೆ ತೆರೆದು ಮುಚ್ಚುತ್ತದೆ. ಅದರಲ್ಲಿ ಎಚ್‌ಸಿಎನ್ ಅನ್ನುವ ಜಾತಿಯ ತೂಬು, ಕೋಶವನ್ನು ಯಾರಾದರೂ ಹಿಂದಕ್ಕೆ ತಳ್ಳಿದಾಗ ತೆರೆಯುತ್ತದೆ. ತೆರೆದು ಅದನ್ನು ಮತ್ತೆ ತನ್ನ ಜಾಗಕ್ಕೆ ತರುತ್ತದೆ. ಬರಾಮ್ ಮತ್ತು ಇವಾನ್ ಸೋಲ್ಟೆಸ್ ಅವರ ತಂಡ 1999ರಲ್ಲಿ ಮೊದಲು ಕಂಡಿದ್ದು ಎಲ್ಲರಿಗೂ ಗೊಂದಲ ತಂದಿತ್ತು. ಜ್ವರದ ಫಿಟ್ಸ್ ಬಂದ ಮರಿಗಳಲ್ಲಿ ಕೋಶವನ್ನು ತಡೆಯುವ ಶಕ್ತಿ ಕಡಿಮೆ ಆಗಿರಲಿಲ್ಲ, ಹೆಚ್ಚಾಗಿತ್ತು! ತಡೆ ಹೆಚ್ಚಿದ್ದರೆ ಫಿಟ್ಸ್ ಕಡಿಮೆ ಆಗಬೇಕಲ್ವಾ? 2001ರಲ್ಲಿ ಉತ್ತರ ಸಿಕ್ಕಿತು. ತೂಬಿನ ನಡವಳಿಕೆಯೇ ಬದಲಾಗಿತ್ತು. ಉಯ್ಯಾಲೆಯನ್ನು ಹಿಂದಕ್ಕೆ ಎಳೆದು ಬಿಟ್ಟರೆ ಹೇಗೆ ರಭಸದಿಂದ ಮುಂದಕ್ಕೆ ಬರುತ್ತದೋ ಹಾಗೆ, ತಡೆದಷ್ಟೂ ಕೋಶ ತಿರುಗಿ ಚಿಮ್ಮುತ್ತಿತ್ತು. ಒಂದೇ ಒಂದು ಸಲ ಬಂದ ಫಿಟ್ಸ್ ಹೋದ ಮೇಲೂ ಇದು ಉಳಿದುಕೊಂಡಿತ್ತು. ಒಂದೂ ಕೋಶ ಸಾಯದೆ, ಎಣಿಸಿದರೆ ಎಲ್ಲ ಸರಿಯಾಗಿದ್ದೂ, ಮೆದುಳಿನ ಶ್ರುತಿ ಬದಲಾಗಿತ್ತು.

ಇನ್ನೊಂದು ವಿಷಯ ಗಾಬಾದ್ದು. ನಮ್ಮ ನಿಮ್ಮ ಮೆದುಳಲ್ಲಿ ಗಾಬಾ ಅನ್ನುವ ರಾಸಾಯನಿಕ ಬ್ರೇಕ್ ಹಾಕುತ್ತದೆ. ತೀರಾ ಎಳೆಯ ಕೋಶದೊಳಗೆ ಕ್ಲೋರೈಡ್ ಜಾಸ್ತಿ ತುಂಬಿರುತ್ತದೆ. ಹಾಗಾಗಿ ಅದೇ ಗಾಬಾ ಅಲ್ಲಿ ಬ್ರೇಕಿನ ಬದಲು ಕೆಣಕುವ ಕೆಲಸ ಮಾಡುತ್ತದೆ. ಹಸುಗೂಸುಗಳಿಗೆ ಫಿಟ್ಸ್ ಸುಲಭವಾಗಿ ಬರುವುದಕ್ಕೂ, ಗಾಬಾದ ಮೂಲಕವೇ ಫಿಟ್ಸ್ ತಡೆಯುವ ಫೀನೋಬಾರ್ಬಿಟಾಲ್ ಅನ್ನುವ ಮದ್ದು ಅವರಲ್ಲಿ ಅರ್ಧಕ್ಕರ್ಧ ಸಲ ಸೋಲುವುದಕ್ಕೂ ಇದು ಒಂದು ಕಾರಣ ಅಂತ ನಂಬಿಕೆ.

ಧಾರವಾಡದ ಓದುಗ

ಈ ಗಾಬಾ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಮುಂದೆ ಆದದ್ದನ್ನೂ ಹೇಳಬೇಕು. ಕ್ಲೋರೈಡ್ ಒಳಗೆ ಬಾರದಂತೆ ಮಾಡುವ ಬುಮೆಟನೈಡ್ ಅನ್ನುವ ಮೂತ್ರ ಹೋಗಿಸುವ ಮಾತ್ರೆ 2005ರಲ್ಲಿ ಇಲಿಮರಿಗಳಲ್ಲಿ ಫಿಟ್ಸ್ ಇಳಿಸಿತು. ಎಲ್ಲರೂ ಕುಣಿದಾಡಿದರು. ಯುರೋಪಿನಲ್ಲಿ ಹಸುಗೂಸುಗಳಿಗೆ ಕೊಟ್ಟು ನೋಡಿದರು. 14 ಕೂಸುಗಳಾದ ಮೇಲೆ ನಿಲ್ಲಿಸಬೇಕಾಯಿತು. ಫಿಟ್ಸ್ ಅಂದುಕೊಂಡಷ್ಟು ನಿಲ್ಲಲಿಲ್ಲ, ಬದುಕುಳಿದ 11ರಲ್ಲಿ 3 ಕೂಸುಗಳಿಗೆ ಕಿವಿ ಮಂದವಾಯಿತು. 2015ರಲ್ಲಿ ವರದಿ ಬಂತು.

ನಾನು ಇಲಿ ಪ್ರಯೋಗವನ್ನು ಹೀಗಳೆಯುತ್ತಿಲ್ಲ. ಇಲಿಗೆ ಆದದ್ದು ಕೂಸಿಗೂ ಆಗುತ್ತದೆ ಅಂತ ಒಂದೇ ಹೆಜ್ಜೆಯಲ್ಲಿ ಹಾರಬೇಡಿ ಅನ್ನುವುದಷ್ಟೇ ನನ್ನ ಕಳಕಳಿ. ಒಳ್ಳೆಯದರಲ್ಲೂ ಹಾರಬೇಡಿ, ಕೆಟ್ಟದ್ದರಲ್ಲೂ ಹಾರಬೇಡಿ.

ಹಳೆಯ ಲ್ಯಾಬಿನವನು

ಪೂರ್ತಿ ಒಪ್ಪುತ್ತೇನೆ. ಇನ್ನೂ ಒಂದು ಸೇರಿಸುತ್ತೇನೆ. ಮರಿಯನ್ನು ತಾಯಿಯಿಂದ ಸ್ವಲ್ಪ ಹೊತ್ತು ಬೇರೆ ಮಾಡಿದರೇ ಅದರ ಮೆದುಳಿಗೆ ಒತ್ತಡ. ಪ್ರಯೋಗದ ಮರಿಯನ್ನು ಎಷ್ಟು ಹೊತ್ತು ಗೂಡಿಂದ ಹೊರಗಿಟ್ಟೆವೋ ಅಷ್ಟೇ ಹೊತ್ತು ಹೋಲಿಕೆಯ ಮರಿಯನ್ನೂ ಇಡಬೇಕು. ಇದನ್ನು ಪಾಲಿಸದ ಪ್ರಯೋಗದ ಫಲಿತಾಂಶ ನಾನು ನಂಬುವುದಿಲ್ಲ.

ಬಿಳಿಗಿರಿ ಸೆರಗು

ನಾನು ಯಳಂದೂರು ತಾಲ್ಲೂಕಿನವನು. ಇಲ್ಲಿ ಯಾರೂ ಬಿಸಿನೀರಿನ ಫಿಟ್ಸ್ ಎತ್ತಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

ನನಗೆ ಮೊದಲ ಸಲ ಬಂದಾಗ 9 ವರ್ಷ. ಭಾನುವಾರ ಅಪ್ಪ ಹಂಡೆಯಿಂದ ಸುಡುಸುಡು ನೀರು ತೋಡಿ ತಲೆ ಮೇಲೆ ತಂಬಿಗೆ ತಂಬಿಗೆ ಹುಯ್ಯುತ್ತಿದ್ದರು. ನಾಲ್ಕನೇ ತಂಬಿಗೆಗೋ ಐದಕ್ಕೋ ಕಣ್ಣು ಮೇಲೆ ಹೋಯಿತಂತೆ. ಆಮೇಲೆ ತಲೆ ಸ್ನಾನ ಮಾಡಿದಾಗೆಲ್ಲ ಆಗತೊಡಗಿತು. ದೊಡ್ಡಪ್ಪನಿಗೂ ಇತ್ತು. ದೇವರ ಕಾಟ ಅಂತ ಎರಡು ವರ್ಷ ಕಳೆದೆವು. ಕೊನೆಗೆ ಬೆಂಗಳೂರಿಗೆ ಹೋದಾಗ ಡಾಕ್ಟರ್ ಕೇಳಿದ ಮೊದಲ ಮಾತು, "ನೀರು ಎಷ್ಟು ಬಿಸಿ? ತಲೆ ಮೇಲೆ ಹುಯ್ಯುತ್ತೀರಾ?" ನಮ್ಮ ಕಡೆಯವರನ್ನು ಎಷ್ಟೋ ಜನರನ್ನು ನೋಡಿದ್ದರು.

ನೀರು ಉಗುರು ಬೆಚ್ಚಗೆ ಮಾಡಿ, ತಲೆಗೆ ಕಡೆಯಲ್ಲಿ ಹಾಕಿ ಅಂದರು. ತಲೆ ಸ್ನಾನದ ದಿನ ಗಂಟೆ ಮೊದಲು ನುಂಗಲು ಕ್ಲೋಬಜಾಂ ಮಾತ್ರೆ ಕೊಟ್ಟರು. ಈಗ ನನಗೆ 41. ಫಿಟ್ಸ್ ಬಂದು 20 ವರ್ಷ ಮೇಲಾಯಿತು. ಇಲಿಗೂ ನಮ್ಮ ಈ ಕಾಯಿಲೆಗೂ ಏನಾದರೂ ಸಂಬಂಧ ಇದೆಯಾ?

ಹಳೆಯ ಲ್ಯಾಬಿನವನು

ಅಣ್ಣ, ಇದೆ. ಅದೂ ನಮ್ಮ ಬೆಂಗಳೂರಿನಲ್ಲೇ! ಬಿಸಿನೀರಿನ ಮೂರ್ಛೆಯನ್ನು ಮೊದಲು ಬರೆದಿಟ್ಟಿದ್ದು 1945ರಲ್ಲಿ ನ್ಯೂಜಿಲೆಂಡ್‌ನಲ್ಲಿ, ಒಬ್ಬ ಹುಡುಗನಲ್ಲಿ. ಆದರೆ ಜಗತ್ತಿನಲ್ಲಿ ಅದು ಹೆಚ್ಚಾಗಿ ಕಾಣುವುದು ದಕ್ಷಿಣ ಕರ್ನಾಟಕದಲ್ಲಿ. ಟರ್ಕಿಯಲ್ಲೂ ಇದೆ. ಡಾ. ಕೆ.ಎಸ್. ಮಣಿ ಬೆಂಗಳೂರಿನಿಂದ ಇದರ ಬಗ್ಗೆ ಮೊದಲೇ ಬರೆದಿದ್ದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಯವರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು.

ಆಮೇಲೆ 1996ರಲ್ಲಿ ಅಲ್ಲಿಯವರೇ ಇಲಿಗಳ ತಲೆ ಮೇಲೆ ಬಿಸಿನೀರು ಹಾಯಿಸಿ ಮಾದರಿ ಕಟ್ಟಿದರು. ಹಾಗೆ ಮತ್ತೆ ಮತ್ತೆ ಮಾಡಿದರೆ ಏನಾಗುತ್ತದೆ ಅಂತಲೂ ನೋಡಿದರು, 2006ರಲ್ಲಿ ಬಂತು. ಒಂದೊಂದು ಸಲಕ್ಕೂ ಇಲಿಗಳಿಗೆ ಫಿಟ್ಸ್ ಇನ್ನೂ ಸುಲಭವಾಗಿ ಬರುತ್ತಾ ಹೋಯಿತು, ಹಿಪ್ಪೊಕ್ಯಾಂಪಸ್‌ನಲ್ಲಿ ನರದ ಎಳೆಗಳು ಹೊಸದಾಗಿ ಚಿಗುರಿದ್ದವು. ಇದಕ್ಕೆ ಕಿಂಡ್ಲಿಂಗ್ ಅನ್ನುತ್ತಾರೆ. ಒಲೆಗೆ ಪುರುಳೆ ಒಟ್ಟಿ ಹೊತ್ತಿಸುವುದಕ್ಕೆ ಇಂಗ್ಲಿಷಿನಲ್ಲಿ ಆ ಮಾತು. ಕೆನಡಾದ ಗ್ರಹಾಂ ಗೊಡ್ಡಾರ್ಡ್ 1960ರ ದಶಕದಲ್ಲಿ ಕಂಡುಹಿಡಿದದ್ದು. ನಿಮಗೆ ಬೇಗ ನೀರು ಆರಿಸಲು ಹೇಳಿದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಈ ಕಾಯಿಲೆ ಇರುವ ಕೆಲವರಿಗೆ ಕೆಲವು ವರ್ಷದ ಮೇಲೆ ನೀರಿಲ್ಲದೆಯೂ ಫಿಟ್ಸ್ ಬರುವುದುಂಟು.

ಕೊಡಚಾದ್ರಿ ಹುಡುಗಿ

ನಾನು ಎಂಎಸ್ಸಿ ಓದುತ್ತಿದ್ದೇನೆ. ಇದನ್ನೆಲ್ಲ ಓದುತ್ತಾ ಕಣ್ಣು ಬಿಡದ ಮರಿಗೆ ಬಿಸಿಗಾಳಿ ಹಿಡಿಯುವುದು ಕಣ್ಣ ಮುಂದೆ ಬಂದು ಸಂಕಟ ಆಯಿತು. ಇದನ್ನು ಮಾಡುವವರಿಗೆ ಏನೂ ಅನಿಸುವುದಿಲ್ಲವಾ ಸರ್?

ಹಳೆಯ ಲ್ಯಾಬಿನವನು

ಅನಿಸುತ್ತದೆ. ನನಗೆ ಅನಿಸುತ್ತಿತ್ತು. ನಮ್ಮಲ್ಲಿ ಪ್ರತಿ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಮುಂದೆ ಹೋಗಿ, ಎಷ್ಟು ಪ್ರಾಣಿ, ಯಾಕೆ ಅಷ್ಟು, ಕಡಿಮೆಯಲ್ಲಿ ಆಗುವುದಿಲ್ಲವೇ ಅಂತ ಉತ್ತರ ಕೊಟ್ಟ ಮೇಲೆಯೇ ಕೆಲಸ ಶುರು. ಆದರೂ ಮರಿಯನ್ನು ಅಂಗೈಯಲ್ಲಿ ಹಿಡಿದಾಗ ಅದರ ಎದೆಬಡಿತ ಬೆರಳಿಗೆ ತಾಗುತ್ತದೆ. ಅದಕ್ಕೇ ಒಂದು ಮರಿಯ ಲೆಕ್ಕವೂ ವ್ಯರ್ಥ ಆಗಬಾರದು ಅಂತ ನಾನು ರಾತ್ರಿ ಕೂತು ಮತ್ತೆ ಮತ್ತೆ ನೋಡುತ್ತಿದ್ದೆ. ನಿನ್ನ ಸಂಕಟವನ್ನು ಕಳೆದುಕೊಳ್ಳಬೇಡಮ್ಮ, ಆ ಕೆಲಸಕ್ಕೆ ಅಂಥವರೇ ಬೇಕು.

ನಿನಗೆ ಇಷ್ಟವಾಗುವ ಒಂದು ಪ್ರಯೋಗವೂ ಇದೆ. ಆಗ ಹೇಳಿದ ಕೋ ಅವರದ್ದೇ, 2005ರದ್ದು. ಎಳವೆಯಲ್ಲಿ ಫಿಟ್ಸ್ ಬಂದ ಮರಿಗಳು ಹೊಸ ಜಾಗ ಕಂಡರೆ ಮಂಕಾಗಿ ಇರುತ್ತಿದ್ದವು. ಅವನ್ನು ದೊಡ್ಡ ಪಂಜರದಲ್ಲಿ, ಬೇರೆ ಮರಿಗಳ ಜೊತೆ, ಆಟದ ಸಾಮಾನು ಇಟ್ಟು ಬೆಳೆಸಿದರು. ಮತ್ತೆ ಮೂಲೆ ಮೂಲೆ ಹುಡುಕಿ ಓಡಾಡತೊಡಗಿದವು.

ತುಂಗೆಯ ದಡ

ಇದನ್ನು ಓದಿ ಅತ್ತುಬಿಟ್ಟೆ. ನನ್ನ ಮಗನೂ ಇಡೀ ದಿನ ಮೂಲೆ ಮೂಲೆ ಹುಡುಕುವವನೇ.

ಕಡೆಯದಾಗಿ ಒಂದು ಪ್ರಶ್ನೆ. ಮತ್ತೆ ಜ್ವರ ಬಂದರೆ? ನನ್ನ ಕೈಯಲ್ಲಿ ಏನಿದೆ?

ವಾರ್ಡಿನ ಸಿಸ್ಟರ್

ಮೂರರಲ್ಲಿ ಒಂದು ಮಗುವಿಗೆ ಇನ್ನೊಮ್ಮೆ ಬರಬಹುದು. ಪ್ಯಾರಸಿಟಮಾಲ್ ಕೊಡಿ, ಮಗುವಿಗೆ ಹಾಯೆನಿಸುತ್ತದೆ. ಆದರೆ ಅದರಿಂದ ಫಿಟ್ಸ್ ನಿಲ್ಲುತ್ತದೆ ಅನ್ನುವ ಭರವಸೆ ಬೇಡ. ಬಂದರೆ, ತಡವಾಗಿ ಕೊಟ್ಟೆ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಲೂ ಬೇಡಿ.

ನಿಮ್ಮ ಕೈಯಲ್ಲಿರುವುದು ಹೊತ್ತು. ಲ್ಯಾಬಿನವರು ಇಲಿಗಳಲ್ಲಿ ಹೇಳಿದ್ದೂ ಅದನ್ನೇ ಅಲ್ವಾ? ಶುರುವಾದ ಕೂಡಲೇ ಗಡಿಯಾರ ನೋಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಬೇಡ. ಕೈಗೆ ಕಬ್ಬಿಣ ಹಿಡಿಸುತ್ತಾ ನಿಮಿಷ ಕಳೆಯಬೇಡಿ. 5 ನಿಮಿಷ ದಾಟಿದರೆ ಮೂಗಿಗೆ ಹಾಕಲು, ಫಿಟ್ಸ್ ನಿಲ್ಲಿಸುವ ಮಿಡಜೋಲಾಂ ಅನ್ನುವ ಸ್ಪ್ರೇ ಸಿಗುತ್ತದೆ. ನಿಮ್ಮ ಡಾಕ್ಟರ್ ಮಗುವಿನ ತೂಕ ನೋಡಿ ಎಷ್ಟು ಅಂತ ಬರೆದುಕೊಡಬೇಕು. ಅದನ್ನು ಹಾಕಿ ಆಸ್ಪತ್ರೆಗೆ ಹೊರಡಿ. ನಿಮ್ಮಷ್ಟು ದೂರದವರ ಮನೆಯಲ್ಲಿ ಅದು ಇರಲೇಬೇಕು.

ತುಂಗೆಯ ದಡ

ಎಲ್ಲರಿಗೂ ತಿಳಿಸೋಣ ಅಂತ ಬರೆಯುತ್ತಿದ್ದೇನೆ. ಶಿವಮೊಗ್ಗಕ್ಕೆ ಹೋಗಿ ಮಕ್ಕಳ ನರರೋಗದ ಡಾಕ್ಟರನ್ನು ನೋಡಿ ಬಂದೆವು. ನಾನು ಇಲ್ಲಿ ಓದಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಪೂರ್ತಿ ಕೇಳಿದರು. ಮಗುವನ್ನು ಅರ್ಧ ಗಂಟೆ ಆಡಿಸಿ ನೋಡಿದರು. ಬೆಳವಣಿಗೆ ಸರಿ ಇದೆ, ಸ್ಕ್ಯಾನ್ ಈಗ ಬೇಡ, ಆರು ತಿಂಗಳಿಗೆ ಮತ್ತೆ ಬನ್ನಿ, ಜ್ವರವಿಲ್ಲದೆ ಒಮ್ಮೆ ಬಂದರೂ ಅವತ್ತೇ ಕರೆತನ್ನಿ ಅಂದರು. ಸ್ಪ್ರೇ ಬರೆದುಕೊಟ್ಟರು.

ಒಂದನ್ನು ಅಡುಗೆಮನೆ ಗೂಡಿನಲ್ಲಿ ಇಟ್ಟಿದ್ದೇನೆ, ಒಂದು ಬ್ಯಾಗಿನಲ್ಲಿ. ಸೆಕೆಂಡು ಮುಳ್ಳಿರುವ ಗಡಿಯಾರ ತಂದು ಮಲಗುವ ಕೋಣೆಗೆ ಹಾಕಿದೆವು. ಬಚ್ಚಲ ನೀರಿನ ಬಿಸಿಯನ್ನೂ ಇಳಿಸಿದ್ದೇವೆ, ಬಿಳಿಗಿರಿಯವರ ಮಾತು ಕೇಳಿದ ಮೇಲೆ ಅತ್ತೆಯೇ ಇಳಿಸಿದರು. ಹಗಲು ಮಗು ಅವರ ಜೊತೆಯೇ ಇರುವುದರಿಂದ ಸ್ಪ್ರೇ ಹಿಡಿಯುವುದನ್ನು ಅವರಿಗೂ ಕಲಿಸಿದೆ. ನಿನ್ನೆ ಮುಚ್ಚಳ ತೆಗೆಯದೆ, ತಲೆದಿಂಬನ್ನು ಮಗ್ಗುಲಿಗೆ ಮಲಗಿಸಿ, ನನ್ನೆದುರು ಎರಡು ಸಲ ಮಾಡಿ ತೋರಿಸಿದರು.